ಎದುರಂಗಡಿಯ ಪುಟ್ಟಣ್ಣ

ದಸರೆ ಹತ್ತಿರವಾಗಿತ್ತು. ಚಂದ್ರಮೌಳಿ ಷಟರ್ ಎಳೆದು ಊಟಕ್ಕೆ ಹೋಗಿದ್ದಾಗ ದೇವರಾಜ ಮೊಹಲ್ಲಾದ ಅವನ ಪೂಜಾ ಸಾಮಾನಿನ ಅಂಗಡಿಗೆ ಬೆಂಕಿ ಬಿತ್ತು. ಕರ್ಪೂರ, ಊದುಬತ್ತಿ, ಎಣ್ಣೆ ಎಲ್ಲಾ ಇದ್ದ ಜಾಗ, ಏನೂ ಉಳಿಯಲಿಲ್ಲ.

ಮರುದಿನ ಅವನು ಬೂದಿ ಗುಡಿಸುತ್ತಿದ್ದಾಗ ಎದುರಂಗಡಿಯ ಪುಟ್ಟಣ್ಣ ರಸ್ತೆ ದಾಟಿ ಬಂದ. ಅವನದೂ ಅದೇ ವ್ಯಾಪಾರ. ಗಿರಾಕಿಗಳ ವಿಷಯಕ್ಕೆ ಜಗಳವಾಗಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

"ರಿಪೇರಿ ಆಗೋಗಂಟ ನನ್ ಅಂಗಡೀಲಿ ಅರ್ಧ ಜಾಗ ತಗೊಳ್ಳಿ. ಬಾಡಿಗೆ ಗೀಡಿಗೆ ಬ್ಯಾಡ."

ದಸರೆ ವ್ಯಾಪಾರ ಬಿಡುವಂತಿರಲಿಲ್ಲ. ಚಂದ್ರಮೌಳಿ ಒಪ್ಪಿಕೊಂಡು, ಸಾಲಕ್ಕೆ ಹೊಸ ಸಾಮಾನು ತಂದು ಹಾಕಿಕೊಂಡ.

"ಸುಮ್‌ಸುಮ್ನೆ ಯಾರು ಕೊಡ್ತಾರೆ ಕಣ್ರೀ? ನಮ್ಮತ್ರ ಸಾಮಾನು ತಗೊಳ್ಳೋ ಮಠದವರ ಮೇಲೆ ಅವನ ಕಣ್ಣಿರ್ಬೇಕು," ಎಂದಳು ಹೆಂಡತಿ ಸರ್ವಮಂಗಳಾ.

ಅಂದಿನಿಂದ ಚಂದ್ರಮೌಳಿ ಪುಟ್ಟಣ್ಣನನ್ನು ಓರೆಗಣ್ಣಲ್ಲಿ ಗಮನಿಸತೊಡಗಿದ. ಮಠದವರು ಬಂದರೆ ಪುಟ್ಟಣ್ಣ ತಾನಾಗಿಯೇ ಎದ್ದು ಕಾಫಿಗೆ ಹೋಗುತ್ತಿದ್ದ. ತನ್ನ ಗಿರಾಕಿಗಳಿಗೇ "ಕುಂಕುಮ ಅವರತ್ರ ತಗೊಳ್ಳಿ" ಎನ್ನುತ್ತಿದ್ದ. ಇಷ್ಟೊಂದು ಒಳ್ಳೆಯತನ ಎಲ್ಲಿಂದ ಬಂತು? ಚಂದ್ರಮೌಳಿಗೆ ಕೂತಲ್ಲಿ ನೆಮ್ಮದಿಯಿಲ್ಲದಾಯಿತು. ಅಷ್ಟರಲ್ಲಿ ಹೂ ಮಾರುವ ಬೀರಮ್ಮ ಒಂದು ಮಾತು ಹೇಳಿದಳು: "ಹೊಗೆ ಎದ್ದಾಗ ನಿಮ್ಮ ಬಾಗ್ಲಲ್ಲಿ ನಿಂತಿದ್ದೋನು ಪುಟ್ಟಣ್ಣನೇ ಕಣಪ್ಪ."

ಚಂದ್ರಮೌಳಿ ಗಿರಾಕಿಗಳಿಲ್ಲದ ಹೊತ್ತು ನೋಡಿ ನೇರವಾಗಿ ಕೇಳಿಯೇಬಿಟ್ಟ.

"ನಿಜ ಹೇಳಿ ಪುಟ್ಟಣ್ಣೋರೇ, ಬೆಂಕಿ ಇಟ್ಟಿದ್ದು ನೀವೇನಾ?"

ಪುಟ್ಟಣ್ಣನ ಮುಖ ಕಪ್ಪಿಟ್ಟಿತು. "ದೇವ್ರಾಣೆ ಅಲ್ಲ. ಕರೆಂಟ್ ವೈರ್ ಸುಟ್ಟು ಹತ್ಕಂಡ ಬೆಂಕಿ ಅದು." ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟ. "ಹೊಗೆ ಕಂಡ್ ತಕ್ಷಣ ಬಕೆಟ್ ಹಿಡ್ಕಂಡು ಓಡ್ಬಂದೆ. ಆದ್ರೆ ಬಾಗ್ಲತ್ರ ನಿಂತ್ಬುಟ್ಟೆ. ಈ ದಸರಾ ವ್ಯಾಪಾರ ಎಲ್ಲಾ ನಂದೇ ಅನ್ನುಸ್ತು. ಖುಷಿಯಾಯ್ತು ಸ್ವಾಮಿ. ಒಂದೇ ಗಳಿಗೆ. ಆಮೇಲೆ ಷಟರ್ ಎತ್ತಿ ನೀರು ಹಾಕ್ದೆ, ಕೂಗ್ಕಂಡೆ. ಆ ಗಳಿಗೆ ಮಾತ್ರ ನನ್ನ ಬುಡ್ತಾನೇ ಇಲ್ಲ."

"ಅಂದ್ರೆ ಇದೆಲ್ಲಾ ಮಾಡಿದ್ದು ನನಗೋಸ್ಕರ ಅಲ್ಲ."

"ನಂಗೆ ನಿದ್ದೆ ಬರ್ಲಿ ಅಂತ," ಎಂದ ಪುಟ್ಟಣ್ಣ.

ಚಂದ್ರಮೌಳಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. "ಇನ್ನೂ ಅಲ್ಲೇ ಕೂರ್ತೀರಾ?" ಎಂದಳು ಸರ್ವಮಂಗಳಾ. "ಎಲ್ಲಿಗೆ ಹೋಗ್ಲಿ? ಏನಾದ್ರೂ ಆಗ್ಲಿ, ಜಾಗ ಕೊಟ್ಟೋನು ಅವನೊಬ್ಬನೇ," ಎಂದ.

ಹಬ್ಬ ಮುಗಿಯುವವರೆಗೂ ಅಲ್ಲೇ ಕೂತು ವ್ಯಾಪಾರ ಮಾಡಿದ. ದೀಪಾವಳಿಯ ಹೊತ್ತಿಗೆ ಅವನ ಅಂಗಡಿ ಸಿದ್ಧವಾಯಿತು. ಪುಟ್ಟಣ್ಣನೇ ಡಬ್ಬಗಳನ್ನು ಹೊತ್ತು ತಂದಿಟ್ಟ. ಈಗ ಇಬ್ಬರೂ ಮಾತಾಡುತ್ತಾರೆ, ಒಟ್ಟಿಗೆ ಕಾಫಿಗೂ ಹೋಗುತ್ತಾರೆ. ಆದರೆ ಪುಟ್ಟಣ್ಣ ನಕ್ಕಾಗಲೆಲ್ಲ ಚಂದ್ರಮೌಳಿ ಅವನ ಮುಖವನ್ನೇ ಒಂದು ಕ್ಷಣ ಹೆಚ್ಚು ನೋಡುತ್ತಾನೆ.