ಬೇಡ ಎನ್ನುವುದಕ್ಕೊಂದು ಗುರುತು

ಬೆಳಗಿನಿಂದ ನಿಂತೂ ನಿಂತೂ ಸಿಸ್ಟರ್ ಕಾಲು ಮರಗಟ್ಟಿತ್ತು. ತೀವ್ರ ನಿಗಾ ಘಟಕದಲ್ಲಿ ಯಂತ್ರಗಳಿಗಿರುವ ಭಾಗ್ಯ ಮನುಷ್ಯರಿಗೆಲ್ಲಿದೆ ಹೇಳಿ! ಅವು ಕುಂಯ್ ಎಂದರೆ ಸಾಕು, ನಾಲ್ಕು ಜನ ಓಡಿಬರುತ್ತಾರೆ. ಕಿಟಕಿ ಪಕ್ಕದ ಮಂಚದ ಟೇಲರಮ್ಮನಿಗೆ ಕುಂಯ್ ಎನ್ನಲೂ ಆಗುತ್ತಿರಲಿಲ್ಲ. ಬಾಯಿಗೆ ಉಸಿರಾಟದ ನಳಿಗೆ ಹಾಕಿದ ಮೇಲೆ ಮಾತು ನಿಂತುಹೋಗಿತ್ತು. ಏನೇ ಕೇಳುವುದಿದ್ದರೂ "ಹೂಂ ಅನ್ನೋದಾದ್ರೆ ಕೈ ಹಿಸುಕಿ" ಎನ್ನುವುದು ಅಲ್ಲಿಯ ರೂಢಿ.

ನಾಳೆ ಗಂಟಲಿಗೆ ತೂತು ಮಾಡಿ ನಳಿಗೆಯನ್ನು ಅಲ್ಲಿಂದ ಇಳಿಸಬೇಕೆಂದು ಡಾಕ್ಟರು ಹೇಳಿದ್ದರು. ಆಮೇಲೆ ಯಂತ್ರದ ಜೊತೆ ಎಷ್ಟು ಕಾಲವೋ, ಯಾರಿಗೂ ಗೊತ್ತಿರಲಿಲ್ಲ.

"ಅಮ್ಮ ಒಪ್ಪಿದ್ಲು ಸಿಸ್ಟರ್," ಎಂದಳು ಮಗಳು. "ಮೂರನೇ ಸಲ ಕೇಳ್ದಾಗ ಕೈ ಹಿಸುಕಿದ್ಲು."

"ಮೊದಲೆರಡು ಸಲ?"

"ಸುಮ್ನಿದ್ಲು. ಮಂಪರು ಅಂದ್ಕೊಂಡೆ."

ಸಿಸ್ಟರ್ ಟೇಲರಮ್ಮನ ಕೈಯತ್ತ ನೋಡಿದಳು. ಅಯ್ಯೋ, ನಾವೆಲ್ಲ ಮಾಡುತ್ತಿರುವುದೂ ಇದೇ ಅಲ್ಲವೇ? ಹಿಸುಕಿದರೆ ಒಪ್ಪಿಗೆ, ಹಿಸುಕದಿದ್ದರೆ ಮಂಪರು, ಹಿಸುಕುವ ತನಕ ಕೇಳು! ಬೇಡ ಎನ್ನುವುದಕ್ಕೆ ಯಾರೂ ಒಂದು ಗುರುತನ್ನೇ ಕೊಟ್ಟಿರಲಿಲ್ಲ. ಇಷ್ಟು ದೊಡ್ಡ ಯಂತ್ರ ನಡೆಸುವವರ ತಲೆಯಲ್ಲಿ ಮಣ್ಣು! ತನ್ನ ಮೇಲೇ ಸಿಟ್ಟು ಬಂತು. ಸಿಟ್ಟಾಗುವಷ್ಟು ತ್ರಾಣವೂ ಉಳಿದಿರಲಿಲ್ಲ.

ಅವಳು ಟೇಲರಮ್ಮನ ಕೈ ಹಿಡಿದು ಬಾಗಿದಳು. "ಟೇಲರಮ್ಮ, ಇಲ್ಲ, ಬೇಡ ಅನ್ನೋದಾದ್ರೆ ಕಣ್ಣು ಗಟ್ಟಿಯಾಗಿ ಮುಚ್ಚಿ. ನಿಮಗೆ ಗಂಡುಮಕ್ಕಳಿದ್ದಾರಾ?"

ಕಣ್ಣು ಮುಚ್ಚಿತು. ಇರುವುದು ಒಬ್ಬಳೇ ಮಗಳು.

"ಗಂಟಲಿಗೆ ತೂತು ಮಾಡದಿದ್ರೆ ಹೆಚ್ಚು ದಿನ ಉಳಿಯೋದು ಕಷ್ಟ. ಗೊತ್ತಲ್ವಾ?"

ಕೈ ಹಿಸುಕಿತು.

"ಹಾಗಾದ್ರೆ ಮಾಡ್ಸೋಣ್ವಾ?"

ಹಣೆ ಪೂರಾ ಸುಕ್ಕಾಗುವಂತೆ ಕಣ್ಣು ಮುಚ್ಚಿತು.

ಡಾಕ್ಟರು ಬಂದು ತಾವೇ ತಿರುಗಿಸಿ ಮುರುಗಿಸಿ ಕೇಳಿದರು. ಅದೇ ಉತ್ತರ. "ನಾಳೆ ಬೇಡ ಬಿಡಿ. ಇನ್ಮೇಲೆ ಏನೇ ಇದ್ರೂ ಅವರನ್ನ ಕೇಳ್ಕೊಂಡೇ ಮಾಡೋಣ," ಎಂದು ಹೊರಟರು.

ಮಗಳು ಸಿಸ್ಟರ್ ಮೇಲೆ ಹರಿಹಾಯ್ದಳು. "ನೀವು ತೆಪ್ಪಗಿದ್ದಿದ್ರೆ ನನ್ನಮ್ಮ ಉಳೀತಿದ್ಲು!"

ಕೈ ಹಿಸುಕಲಿ ದೇವರೇ ಎಂದು ಕೇಳುವಾಗ ಸಿಸ್ಟರೂ ಮನಸ್ಸಿನಲ್ಲೇ ಬೇಡಿಕೊಂಡಿದ್ದಳು.

"ನಿಂಗೆ ನನ್ನ ಮಾತೂ ಬೇಡ, ಬದುಕೋದೂ ಬೇಡ," ಎಂದು ಮಗಳು ತಾಯಿಯತ್ತ ತಿರುಗಿದಳು. "ಸರಿ ಬಿಡು. ನಾನೂ ಹೋಗ್ಲಾ?"

ಟೇಲರಮ್ಮನ ಕಣ್ಣು ಬಿಗಿಯಾಗಿ ಮುಚ್ಚಿತು. ಅಂಚಿನಲ್ಲಿ ನೀರು ಒಸರಿತು.

ಸಿಸ್ಟರ್ ತಾನು ಕೂರಲೆಂದು ಎಳೆದುಕೊಂಡಿದ್ದ ಸ್ಟೂಲನ್ನು ಮಂಚದ ಪಕ್ಕಕ್ಕೆ ತಳ್ಳಿದಳು. ಮಗಳು ಕೂರುವ ತನಕ ಆ ಕಣ್ಣು ತೆರೆಯಲೇ ಇಲ್ಲ.