ಹೀಟರಿನ ಸಿಹಿ ವಾಸನೆ

ಒರೆಸಿದಷ್ಟೂ ಬಳಿದುಕೊಳ್ಳುತ್ತದೆ ಈ ಗಾಜು, ಬೆಳಗಿನ ಮಂಜಾಗಿದ್ದರೆ ಒಂದು ಸಲಕ್ಕೆ ಹೋಗುತ್ತಿತ್ತು, ಇದು ಒಳಗಿನಿಂದ ಯಾರೋ ಎಣ್ಣೆ ಸವರಿದ ಹಾಗಿದೆ, ಬಟ್ಟೆ ಎಳೆದ ಕಡೆಯೆಲ್ಲ ಬಿಳಿ ಗೀರು, ಎದುರಿನ ದಾರಿ ತೆಳು ಮಜ್ಜಿಗೆಯಲ್ಲಿ ಮುಳುಗಿದಂತೆ, ನಾಲೆಯ ಏರಿ ಎಲ್ಲಿ ಮುಗಿದು ನೀರು ಎಲ್ಲಿ ಶುರುವೋ ಕಾಣುತ್ತಿಲ್ಲ, ನಿಧಾನ ಜ್ಯೋತಿ, ನಿಧಾನ, ಎರಡನೇ ಗೇರು ಸಾಕು — ಮತ್ತೆ ಅದೇ ವಾಸನೆ. ಸಿಹಿ. ಹಣ್ಣು ಮಿತಿಮೀರಿ ಮಾಗಿದಾಗಿನ ಸಿಹಿ. ಮದುವೆ ಮನೆ ಹೂವಿಂದು ಇರ್ಬೇಕು ಕಣೆ, ನನ್ ತುರುಬಿಂದು, ಅನ್ನುತ್ತಾರೆ ಹಿಂದಿನ ಸೀಟಿನಿಂದ ಅತ್ತೆ, ಇರಬಹುದು, ನಿನ್ನೆ ಉಬ್ರಾಣಿಯಲ್ಲಿ ಅವರ ತಮ್ಮನ ಮಗಳ ಮದುವೆ, ಮುಡಿದ ಮಲ್ಲಿಗೆ ಇನ್ನೂ ತೆಗೆದಿಲ್ಲ ಅವರು, ಆದರೆ ಮಲ್ಲಿಗೆಗೆ ಗಂಟಲು ಹಿಡಿಯುವ ಈ ಅಂಟಿಲ್ಲ, ಈ ವಾಸನೆ ನನಗೆ ಗೊತ್ತು, ಮಗಳು ಅಕ್ಷಿತಾಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳ ಬಾಯಿಂದಲೇ ಬಂದಿತ್ತು, ಆಗ ನಾವು ಯಾವುದೋ ಹಣ್ಣು ತಿಂದಿದ್ದಾಳೆ ಅಂದುಕೊಂಡೆವು, ಮೂರನೇ ದಿನ ಎಚ್ಚರ ತಪ್ಪಿದಳು, ದಾವಣಗೆರೆಯ ಡಾಕ್ಟರಮ್ಮ ನನ್ನನ್ನು ಮಂಚದ ಹತ್ತಿರ ಕರೆದು, ಬಗ್ಗಿ ಮೂಸಿ ನೋಡ್ರಿ, ಇದನ್ನ ಮರೀಬೇಡಿ, ಮೈಯಲ್ಲಿ ಇನ್ಸುಲಿನ್ ಇಲ್ಲ, ರಕ್ತ ಹುಳಿಯಾಗ್ತಿದೆ ಅಂತ ಇದರ ಅರ್ಥ, ಈ ವಾಸನೆ ಬಂದರೆ ಒಂದು ನಿಮಿಷವೂ ಕಾಯಬೇಡಿ ಅಂದರು. ಮರೆತಿಲ್ಲ. ಪಕ್ಕದ ಸೀಟಿನಲ್ಲಿ ತಲೆ ವಾಲಿಸಿ ಕೂತಿದ್ದಾಳೆ ಅಕ್ಷಿತಾ, ಅಮ್ಮ, ನೀರು, ಅನ್ನುತ್ತಾಳೆ, ಈಗ ತಾನೆ ಕುಡಿದೆಯಲ್ಲ, ಇನ್ನೊಂಚೂರು, ಅನ್ನುತ್ತಾಳೆ, ಕೊಡುತ್ತೇನೆ, ಎಡಗೈಯಲ್ಲಿ ಬಾಟಲಿ, ಬಲಗೈಯಲ್ಲಿ ಸ್ಟೇರಿಂಗು, ಬಾಗಿ ಅವಳ ಬಾಯ ಹತ್ತಿರ ಮೂಗು ಒಯ್ಯುತ್ತೇನೆ, ಸಿಹಿ, ಮೂಗನ್ನು ಹಿಂದಕ್ಕೆ ತಂದರೂ ಸಿಹಿ, ಹಾಗಾದರೆ ಅವಳದಲ್ಲ, ಹಾಗಾದರೆ ಎಲ್ಲಿಯದು, ಕಿಟಕಿ ಇಳಿಸಿದರೆ ಹಲ್ಲು ಕಡಿಯುತ್ತಾಳೆ ಚಳಿಗೆ, ಚನ್ನಗಿರಿ ದಾಟುವಾಗ ಚಳಿ ಚಳಿ ಅಂದಳೆಂದೇ ಹೀಟರ್ ಹಾಕಿದೆ, ಈ ಹಳೇ ಕಾರಿನಲ್ಲಿ ಯಾರೂ ಮುಟ್ಟದಿದ್ದ ಗುಬುಟು, ಗರಗರ ತಿರುಗಿ ಬಿಸಿ ಗಾಳಿ ಬಂತು, ಅದರ ಹಿಂದೆಯೇ ವಾಸನೆ ಬಂತು, ಗಾಜು ಮಬ್ಬಾಯಿತು — ಹೌದಲ್ಲ, ಹೀಟರ್ ಹಾಕಿದ ಮೇಲೆ.

ಮುಳ್ಳು ಏರುತ್ತಿದೆ. ಕೆಂಪು ಗೆರೆಯ ಹತ್ತಿರ ನಡುಗುತ್ತಿದೆ ಎಂಜಿನ್ ಬಿಸಿಯ ಮುಳ್ಳು, ಗಾಳಿಯ ಕಿಂಡಿ ಬಿಳಿ ಆವಿ ಉಗುಳುತ್ತಿದೆ, ನಿಲ್ಲಿಸು, ಈಗಲೇ ನಿಲ್ಲಿಸು, ಎಂಜಿನ್ ಬಿಸಿಗೆ ಹಿಡಿದುಕೊಂಡು ನಿಂತರೆ ಇಲ್ಲೇ ಗತಿ, ಏರಿಯ ಅಂಚಿಗೆ ಎಳೆದು ನಿಲ್ಲಿಸಿದೆ, ಕೀಲಿ ತಿರುಗಿಸಿ ಆರಿಸಿದರೂ ಒಳಗೆಲ್ಲೋ ಕೊತಕೊತ ಕುದಿಯುವ ಸದ್ದು, ಮೊಬೈಲು ನೋಡಿದೆ, ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ, ದೊಡ್ಡ ರಸ್ತೆ ಅಗೆದಿದ್ದಾರೆ ಎಂದು ಯಾರೋ ಹೇಳಿದ್ದಕ್ಕೆ ಈ ನಾಲೆ ದಾರಿ ಹಿಡಿದೆನಲ್ಲ, ಆಸ್ಪತ್ರೆಯಿರುವ ಹೊನ್ನಾಳಿ ಇನ್ನೆಷ್ಟು ದೂರವೋ. ಎಡಗಡೆ ಬಾಗಿಲು ತೆರೆದು ಅಕ್ಷಿತಾಳ ಕಾಲ ಬುಡದ ಮ್ಯಾಟಿಗೆ ಕೈ ಒತ್ತಿದೆ, ಪಿಚಕ್ ಎಂದು ನೀರು ಬೆರಳ ಸಂದಿಯಲ್ಲಿ ಎದ್ದಿತು, ಬಿಸಿ, ಹಸಿರು — ಏಸಿ ನೀರು ಕಣೆ ಅದು, ಎಲ್ಲಾ ಕಾರಿನಾಗೂ ಬರ್ತೈತೆ, ಹೋದ ತಿಂಗಳು ಮ್ಯಾಟು ಒದ್ದೆ ಎಂದಾಗ ತಿಪ್ಪೇರುದ್ರ ಅಂದದ್ದು, ಗಂಡ ಹೇಳಿದನೆಂದು ನಾನೂ ಬಿಟ್ಟೆ, ಅವನು ಈಗ ಜಗಳೂರಿನಲ್ಲಿ ಯಾವ ಲೈಟ್ ಕಂಬದ ಮೇಲಿದ್ದಾನೋ, ರಜೆ ಸಿಗಲಿಲ್ಲ, ಲೈನ್‌ಮ್ಯಾನ್ ಕೆಲಸ — ಬೆರಳು ಉಜ್ಜಿದೆ, ಜಾರುತ್ತದೆ, ಏಸಿ ನೀರಾದ್ರೆ ಕೈ ಒಣಗ್ತೈತೆ ಮಗಳೆ, ಎಂಜಿನ್ ತಣ್ಣಗಿಡೋ ಕೂಲೆಂಟ್ ಆದ್ರೆ ಜಾರ್ತೈತೆ, ಅಪ್ಪನ ಮಾತು, ಅಪ್ಪ ಸೊಕ್ಕೆಯಿಂದ ಜಗಳೂರಿಗೆ ಜೀಪು ಓಡಿಸುತ್ತಿದ್ದ, ಬಾನೆಟ್ಟಿನೊಳಗೆ ಅವನು ತಲೆ ಹಾಕಿದಾಗ ಪಕ್ಕದಲ್ಲಿ ನನ್ನ ತಲೆ, ಅಮ್ಮ ಬೈಯುತ್ತಿದ್ದಳು ಹೆಣ್ಣುಡುಗಿಗೆ ಯಾಕೆ ಅದು ಅಂತ, ಎಂಜಿನ್ನಿನ ಬಿಸಿನೀರೇ ಹೀಟರಿಗೂ ಬರ್ತೈತೆ, ಡ್ಯಾಶ್‌ಬೋರ್ಡಿನ ಹಿಂದೆ ಒಂದು ಸಣ್ಣ ರೇಡಿಯೇಟರ್ ಐತೆ, ಅದು ತೂತು ಬಿದ್ರೆ ಒಳಗೆ ಕೂತವರ ಕಾಲಿಗೆ ನೀರು, ಮೂಗಿಗೆ ಸಿಹಿ — ಸಿಹಿ! ಅಪ್ಪ ಅದನ್ನೂ ಹೇಳಿದ್ದ, ಹಾಗಾದರೆ ಇದು ಕಾರಿನ ವಾಸನೆ, ಬರೀ ಕಾರಿನದು, ದೇವರೇ, ಎಂದು ನಗು ಬಂದೇ ಬಿಡುತ್ತಿತ್ತು, ಆಗ ಕೈಗೆ ಅವಳ ಔಷಧದ ಚೀಲ ಸಿಕ್ಕಿತು. ಮ್ಯಾಟಿನ ಮೇಲೇ ಇಟ್ಟಿದ್ದೆ. ತೊಟತೊಟ ಸೋರುತ್ತಿದೆ. ಸಕ್ಕರೆ ನೋಡುವ ಪಟ್ಟಿಗಳ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಪಟ್ಟಿಗಳೆಲ್ಲ ಒದ್ದೆ, ಒಂದನ್ನು ಸೆರಗಿಗೆ ಒರೆಸಿ ಮಿಷನ್ನಿಗೆ ಸಿಕ್ಕಿಸಿದೆ, ತಪ್ಪು ಎಂದು ತೋರಿಸಿತು, ಇನ್ನೊಂದು, ತಪ್ಪು, ಸೂಜಿಗಳ ಪೊಟ್ಟಣ ನೆನೆದು ಬಿಚ್ಚಿಕೊಂಡಿದೆ, ಇನ್ಸುಲಿನ್ ಪೆನ್ನಿನ ಟೋಪಿಯೊಳಗೆ ಹಸಿರು ನೀರು, ಈ ವಿಷವನ್ನು ಅವಳ ಮೈಗೆ ಹೇಗೆ ಚುಚ್ಚಲಿ.

ಅಕ್ಷಿತಾ ಬಾಗಿಲಿಂದ ಆಚೆ ಬಾಗಿ ವಾಂತಿ ಮಾಡಿದಳು, ಬರೀ ನೀರು, ತುಟಿ ಒಣಗಿ ಬಿಳಿ, ಕಣ್ಣು ತೆರೆದರೂ ನನ್ನನ್ನು ನೋಡುತ್ತಿಲ್ಲ. ಸಕ್ಕರೆ ಕಮ್ಮಿ ಆಗೈತೆ ಕಣೆ, ಅವತ್ತು ಸ್ಕೂಲ್‌ನಾಗೆ ಹಿಂಗೇ ಬಿದ್ದಿರ್ಲಿಲ್ವಾ? ಅತ್ತೆ ಲಾಡು ಹಿಡಿದು ಬಂದಿದ್ದಾರೆ, ಮದುವೆ ಮನೆಯ ಪೊಟ್ಟಣ ಬಿಚ್ಚಿದ್ದಾರೆ, ಇರ್ರಿ ಅತ್ತೆ, ಏನ್ ಇರೋದು, ಮಗು ಕೈಬಿಟ್ಟು ಹೋಗ್ತೈತೆ, ಬಾಯಿಗೆ ಹಾಕ್ತೀನಿ, ಅವರು ಹೇಳುವುದೂ ಸುಳ್ಳಲ್ಲ, ಕಡಿಮೆಯಾದರೆ ಸಿಹಿ ಕೊಡಬೇಕು, ಆದರೆ ಅವತ್ತು ಬೆವತಿದ್ದಳು, ಕೈ ನಡುಗಿತ್ತು, ಇವತ್ತು ಚರ್ಮ ಒಣಗಿದೆ, ನೀರು ನೀರು ಅನ್ನುತ್ತಾಳೆ, ಉಸಿರು ಬೆಟ್ಟ ಹತ್ತಿ ಬಂದವರ ಹಾಗೆ ಆಳಕ್ಕೆ ಇಳಿದು ಏಳುತ್ತಿದೆ, ಆದರೆ ಕಾರಿನ ಆವಿ ಇಷ್ಟು ಹೊತ್ತು ಮೂಗಿಗೆ ಹೋದರೆ ಯಾರಿಗಾದರೂ ವಾಂತಿ ಬರುತ್ತದೆ, ನನಗೂ ತಲೆ ಸಿಡಿಯುತ್ತಿದೆ, ಕಾರಿನಿಂದಲೋ, ಸಕ್ಕರೆ ಕಡಿಮೆಯಾಗಿಯೋ, ಹೆಚ್ಚಾಗಿಯೋ, ಹೆಚ್ಚಾಗಿದ್ದರೆ ಈ ಲಾಡು ಬೆಂಕಿಗೆ ತುಪ್ಪ, ಕಡಿಮೆಯಾಗಿದ್ದರೆ ಲಾಡು ತಡೆದ ಕೈ ನನ್ನದೇ. ಅವಳನ್ನು ಎತ್ತಿ ಕಾರಿನಿಂದ ದೂರ, ಗಾಳಿ ಬೀಸುವ ಕಡೆ ಮಲಗಿಸಿದೆ, ಮೂಗನ್ನು ಅವಳ ಬಾಯಿಗೆ ತಾಗಿಸಿದೆ, ಸಿಹಿ, ಆದರೆ ನನ್ನ ಕೈ ಸಿಹಿ, ಸೆರಗು ಸಿಹಿ, ಮೂಗಿನೊಳಗೇ ಆ ಆವಿ ಮೆತ್ತಿಕೊಂಡಿದೆ, ನಾಲೆಯ ನೀರಲ್ಲಿ ಕೈ ತೊಳೆದರೆ ನೀರೂ ಸಿಹಿ, ಡಾಕ್ಟರಮ್ಮ ಮರೀಬೇಡಿ ಅಂದರಲ್ಲ, ಮರೆತಿಲ್ಲ ಡಾಕ್ಟರಮ್ಮ, ಮೂಗು ಸತ್ತಿದೆ. ಅತ್ತೆ ನೀವು ನೋಡಿ ಅಂದರೆ, ನಂಗೆಲ್ಲಿ ವಾಸನೆ ತಿಳೀತೈತೆ, ನಶ್ಯ ಹಾಕಿ ಹಾಕಿ, ಎಂದು ಅವರಿಗೂ ಅಳು ಬಂತು, ಲಾಡು ಇನ್ನೂ ಕೈಯಲ್ಲೇ ಇದೆ.

ಯಾಕ್ರೀ ಅಕ್ಕಾರೆ, ಗಾಡಿ ಕೆಟ್ಟೈತಾ? ತಿರುಗಿದೆ, ಹೆಗಲ ಮೇಲೆ ಕರೀ ಡ್ರಿಪ್ ಪೈಪಿನ ಸುರುಳಿ, ಕೆಳಗಿನ ತೋಟದಿಂದ ಏರಿ ಹತ್ತಿ ಬಂದವನು, ಅಣ್ಣ, ಬೈಕ್ ಐತಾ, ಮಗಳನ್ನ ಆಸ್ಪತ್ರೆಗೆ ಒಯ್ಯಬೇಕು, ಇಲ್ಲಕ್ಕಾರೆ, ತಮ್ಮ ತಗಂಡು ನ್ಯಾಮತಿಗೆ ಹೋಗ್ಯಾನೆ, ನಾನು ನಿಂಗರಾಜ್ ಅಂತ, ಏನಾಗೈತೆ ಹೇಳ್ರಿ. ಏನಾಗಿದೆ ಎಂದು ಗೊತ್ತಿದ್ದರೆ, ಅಣ್ಣ. ಬಾಯಿಂದ ಬಂದೇ ಬಿಟ್ಟಿತು, ನೀವು ಎಲೆ ಅಡಿಕೆ ತಂಬಾಕು ಹಾಕ್ತೀರಾ, ಇಲ್ಲಲ್ಲ, ಅವನು ಬೆಪ್ಪಾದ, ನನ್ ಮಗಳ ಬಾಯಿ ವಾಸನೆ ಹೆಂಗೈತೆ ಒಂಚೂರು ಮೂಸಿ ಹೇಳ್ತೀರಾ, ದಮ್ಮಯ್ಯ ಅಂತೀನಿ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು, ಗುರುತಿಲ್ಲದ ಗಂಡಸು, ಅವನು ಕ್ಷಣ ನನ್ನ ಮುಖ ನೋಡಿದ, ನಗಲಿಲ್ಲ, ಸುರುಳಿ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಮಣ್ಣಿನಲ್ಲಿ ಮೊಣಕಾಲೂರಿ, ದೇವರಿಗೆ ಬಗ್ಗಿದವನಂತೆ ಬಗ್ಗಿದ, ಕಣ್ಣು ಮುಚ್ಚಿದ. ಹಣ್ಣಿನ ವಾಸ್ನೆ ಅಕ್ಕಾರೆ. ಬಾಳೆಹಣ್ಣು ಕಪ್ಪಾಗಿ ನೀರು ಬಿಡ್ತೈತಲ್ಲ, ಹಂಗೆ. ಆಮೇಲೆ ನನ್ನ ಕೈ ಮೂಸಿದ, ತಲೆ ಅಲ್ಲಾಡಿಸಿದ, ಇದು ಬ್ಯಾರೆ, ಇದು ಔಷಧಿ ಸಿಹಿ, ಆ ಹುಡುಗೀದು ಹಣ್ಣೇಯ. ಅತ್ತೆಯ ಕೈಯಿಂದ ಲಾಡು ಕಿತ್ತು ನಾಲೆಗೆ ಎಸೆದೆ. ಈಗ ಗೊತ್ತು, ಬಾನೆಟ್ ಎತ್ತಿದೆ, ನೋಡಣ್ಣ, ಎಂಜಿನ್ನಿಂದ ಈ ಎರಡು ರಬ್ಬರ್ ಪೈಪು ತಗಡಿನ ಗೋಡೆ ತೂರಿ ಕಾರಿನೊಳಗೆ ಹೋಗ್ತವೆ, ಒಂದರಲ್ಲಿ ಬಿಸಿನೀರು ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತೆ, ಒಳಗಿನ ಹೀಟರ್ ತೂತು, ಅದನ್ನ ತೆಗೆಯಾಕೆ ಇಡೀ ಡ್ಯಾಶ್‌ಬೋರ್ಡ್ ಕೀಳಬೇಕು, ಅಷ್ಟು ಹೊತ್ತು ಇಲ್ಲ, ಇವೆರಡನ್ನೂ ಕಿತ್ತು ಒಂದಕ್ಕೊಂದು ಸೇರಿಸಿದ್ರೆ ನೀರು ಒಳಗೆ ಹೋಗೋದೇ ಇಲ್ಲ, ಆದರೆ ನಡುವೆ ಇಡಾಕೆ ಒಂದು ನಳಿಕೆ ಬೇಕು, ನನ್ನ ಮಾತು ಮುಗಿಯುವ ಮೊದಲೇ ಅವನು ಜೇಬಿನಿಂದ ತೆಗೆದ, ಡ್ರಿಪ್ ಪೈಪು ಜೋಡಿಸುವ ಕರೀ ಪ್ಲಾಸ್ಟಿಕ್ ತುಂಡು, ಹಿಡಿದು ನೋಡಿದೆ, ಅದೇ ಗಾತ್ರ. ಬಿಸಿಗೆ ಮೆತ್ತಗಾಗಾಕಿಲ್ವಾ, ಅಂದೆ, ಆಗ್ತೈತೆ, ಹೊನ್ನಾಳಿ ಮುಟ್ಟತನಕ ತಡೀಬಹುದು, ಇನ್ನೆರಡು ಇಟ್ಕಳ್ರಿ. ಕ್ಲಿಪ್ಪಿನ ತಿರುಪು ತುಕ್ಕು ಹಿಡಿದಿದೆ, ಸ್ಕ್ರೂಡ್ರೈವರು ಜಾರುತ್ತದೆ, ಅವನು ಇಕ್ಕಳದಲ್ಲಿ ಹಿಡಿದ, ನಾನು ಒತ್ತಿದೆ, ಹಿಂದೆ ಅತ್ತೆ ಅಕ್ಷಿತಾಳ ಹಣೆಗೆ ಒದ್ದೆ ಬಟ್ಟೆ ಇಟ್ಟು, ಕಣ್ ಬಿಡೆ ನನ್ ತಾಯಿ, ಕಣ್ ಬಿಡೆ, ತಿರುಪು ಕಟಕ್ಕೆಂದು ಸಡಿಲಾಯಿತು, ಪೈಪು ಕಿತ್ತರೆ ಬಿಸಿ ಹಸಿರು ಮುಂಗೈ ಮೇಲೆ ಸುರಿಯಿತು, ಸುಡಲಿ, ಎರಡನೆಯದು, ಜೋಡಿಸು, ಒತ್ತು, ಇನ್ನೂ ಒತ್ತು, ಬಿಗಿ ಮಾಡು, ನಿಂಗರಾಜ್ ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ಚೂರು ಚೂರೇ ತಿರುಗಿಸಿದ, ಬುಸ್ಸೆಂದು ಆವಿ ಹೋಯಿತು, ತಡೀರಿ, ಒಮ್ಮೆಲೇ ತಣ್ಣೀರು ಹುಯ್ದರೆ ಎಂಜಿನ್ ಸೀಳುತ್ತೆ, ನಾನೇ ಹೇಳಿದೆ, ನಾನೇ ತಡೆಯಲಾರದೆ ಎರಡು ಸಲ ಬಾಟಲಿ ಎತ್ತಿ ಇಳಿಸಿದೆ, ಕಾಯುವುದೊಂದೇ ಕೆಲಸ, ಅವನು ಆ ಹೊತ್ತಿನಲ್ಲಿ ಒದ್ದೆ ಮ್ಯಾಟು ಕಿತ್ತೆಸೆದು, ತನ್ನ ಟವೆಲ್ಲು ನಾಲೆಯಲ್ಲಿ ಅದ್ದಿ ಗಾಜು ಉಜ್ಜಿ ಉಜ್ಜಿ ಒರೆಸಿದ. ನೀರು ಹುಯ್ದೆವು, ಸ್ವಲ್ಪ, ಇನ್ನು ಸ್ವಲ್ಪ, ಕೀಲಿ ತಿರುಗಿಸಿದೆ, ಹೊತ್ತಿತು, ಅಕ್ಷಿತಾಳನ್ನು ಎತ್ತಿ ಮುಂದಿನ ಸೀಟಿಗೆ ತಂದೆವು, ಅತ್ತೆ ತಮ್ಮ ಶಾಲು ಹೊದಿಸಿದರು. ಜೋಡಣೆಯ ಹತ್ತಿರ ಬೆರಳಿಟ್ಟು ನೋಡಿದ ನಿಂಗರಾಜ್, ಒಣಗೈತೆ, ಹೋಗ್ರಿ, ಹೋಗ್ರಿ ಅಕ್ಕಾರೆ, ಸೇತುವೆ ಸಿಕ್ತದೆ, ಬಲಕ್ಕೆ ತಿರುಗ್ರಿ, ಟಾರು ರಸ್ತೆ.

ದಾರಿ ಕಾಣುತ್ತಿದೆ, ಪ್ರತಿ ಕಲ್ಲೂ ಕಾಣುತ್ತಿದೆ, ಮುಳ್ಳು ನಡುವಿನಲ್ಲಿ ನಿಂತಿದೆ, ಮೆತ್ತಗಾಗಬೇಡ, ಪ್ಲಾಸ್ಟಿಕ್ ತುಂಡೇ, ಈ ತಿರುವು ದಾಟಲಿ, ಮೂರನೇ ಗೇರು, ಸೇತುವೆ, ಬಲಕ್ಕೆ, ಟಾರು — ಅಮ್ಮ, ಅಂದಳು, ಹೇಳು ಬಂಗಾರ, ಮಾತಾಡ್ತಾ ಇರು, ನಿನ್ನೆ ರಾತ್ರಿ ಸೂಜಿ ಹಾಕ್ಕೊಂಡಿಲ್ಲ ನಾನು, ಬೆಳಿಗ್ಗೇನೂ ಇಲ್ಲ, ರೂಮಿನ ತುಂಬ ಹುಡುಗೀರು ಇದ್ರು, ಎಲ್ರೂ ನೋಡ್ತಿದ್ರು, ಹಾಕ್ಕೊಂಡೆ ಅಂತ ಸುಳ್ಳು ಹೇಳ್ದೆ, ಬೈಬೇಡ. ಬೈಯಲ್ಲ. ಬೈಯಲ್ಲ ಕಣೆ, ನಿದ್ದೆ ಮಾಡಬೇಡ, ಅಷ್ಟೇ, ಹೊಸ ಸೀರೆಯ ಹುಡುಗಿಯರ ನಡುವೆ ಲಂಗ ಎತ್ತಿ ತೊಡೆಗೆ ಚುಚ್ಚಿಕೊಳ್ಳುವ ಹನ್ನೊಂದು ವರ್ಷದವಳು, ನನಗೆ ಯಾಕೆ ಹೊಳೆಯಲಿಲ್ಲ, ಹಾಕ್ಕೊಂಡೆ ಅಂದಾಗ ಮುಖ ನೋಡದೆ ಸರಿ ಅಂದೆ, ಬಡಿಸುವವರ ಜೊತೆ ಮಾತಾಡುತ್ತಿದ್ದೆ. ಮುಂದೆ ಕಬ್ಬಿನ ಟ್ರಾಕ್ಟರು, ಎರಡು ಟ್ರೈಲರು, ದಾರಿ ಬಿಡುತ್ತಿಲ್ಲ, ಹಾರನ್ನು, ಹಾರನ್ನು, ಅವಳ ಮಾತು ನಿಂತಿದೆ, ಅಕ್ಷಿ, ಅಂದೆ, ಇಲ್ಲ, ಮುಖ ಕಿಟಕಿಯ ಕಡೆ ವಾಲಿದೆ, ಎದೆ ಕಾಣುತ್ತಿಲ್ಲ, ಅತ್ತೆಯ ಶಾಲಿನೊಳಗೆ ಹುದುಗಿದೆ, ಕಾಣುವುದು ಗಾಜೊಂದೇ, ಗಾಜಿನ ಮೇಲೆ ಅವಳ ಬಾಯ ಎದುರು ಉಸಿರಿನ ಒಂದು ಮಬ್ಬು ಬಿಲ್ಲೆ, ಅಂಗೈಯಷ್ಟು, ಮೂಡುತ್ತದೆ, ಅಂಚಿನಿಂದ ಕರಗಿ ಹೋಗುತ್ತದೆ, ನಾನು ಕಾಯುತ್ತೇನೆ, ಟ್ರಾಕ್ಟರಿನವನು ಪಕ್ಕಕ್ಕೆ ಸರಿದ, ಮೂಡುತ್ತದೆ. ಅಂಗಡಿಗಳು, ಬಸ್ಸು, ಹೊನ್ನಾಳಿ, ಆಸ್ಪತ್ರೆಯ ಗೇಟು, ಅತ್ತೆ ಇಳಿದು ಕೂಗಿದರು, ಯಾರಾದ್ರೂ ಬರ್ರೀ, ಮಗೂನ ಎತ್ಕಳ್ರಿ, ಇಬ್ಬರು ಓಡಿ ಬಂದರು, ಸ್ಟ್ರೆಚರು, ನಾನು ಹೇಳಿದೆ, ಸಕ್ಕರೆ ಹೆಚ್ಚಾಗಿದೆ, ಎರಡು ಸಲದ ಇನ್ಸುಲಿನ್ ತಪ್ಪಿದೆ, ಉಸಿರಲ್ಲಿ ಹಣ್ಣಿನ ವಾಸನೆ, ಡಾಕ್ಟರು ಬಗ್ಗಿ ಮೂಸಿದರು, ಹೌದು ಅಂದರು, ಸಲೈನ್ ಹಾಕ್ರಿ, ಬೇಗ, ಅಂದರು, ಸ್ವಲ್ಪ ಹೊತ್ತಾದ ಮೇಲೆ ನರ್ಸು ಬಂದು, ಕರೆದ್ರೆ ಕಣ್ ಬಿಡ್ತಾಳೆ, ಉಳೀತಾಳೆ, ಹೆದರಬೇಡ್ರಿ, ಎರಡು ದಿನ ಇಲ್ಲೇ ಇರಬೇಕಾಗ್ತೈತೆ, ನೀವು ಕೈ ತೊಳ್ಕೊಂಡು ಕೂತ್ಕಳ್ರಿ, ಅಂದರು, ಕೂತಿದ್ದೇನೆ, ಉಳೀತಾಳೆ ಅಂದರು, ಕೇಳಿಸಿದೆ, ಅತ್ತೆ ಕಾಫಿ ತಂದು ಕೈಗಿಟ್ಟಿದ್ದಾರೆ, ಬಿಸಿ ತಾಗುತ್ತಿದೆ, ತಿಪ್ಪೇರುದ್ರನಿಗೆ ಫೋನ್ ಮಾಡಬೇಕು, ಎದ್ದು ಮಾಡಬೇಕು, ಏಳಲಾಗುತ್ತಿಲ್ಲ, ಕಣ್ಣು ಮುಚ್ಚಿದರೂ ತೆರೆದರೂ ಅದೇ ಗಾಜು, ಅದೇ ಬಿಲ್ಲೆ, ಅಂಚಿನಿಂದ ಕರಗುತ್ತದೆ, ನಡುವಿನ ಚುಕ್ಕೆಯೂ ಹೋಗುತ್ತದೆ, ಗಾಜು ಬರಿದು, ಬರಿದು, ಬರಿದು — ಮೂಡುತ್ತದೆ.