ಮೋಟಾರು ನಿಂತ ದಿನ

ಗಂಗಕ್ಕ ಮತ್ತೆ ಎದ್ದು ನಿಂತಳು. ಗಂಡ ಚಿನ್ನಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೆಂಡತಿಯಾದವಳು ಪಕ್ಕ ಬಿಟ್ಟು ಏಳಬಾರದು. ನಾದಿನಿ ಉರುಕುಂದಮ್ಮ ಸೆರಗು ಜಗ್ಗಿದಳು.

"ಒಂದ್ ಕಡಿ ಕುಂದ್ರವಾ."

"ಏನೋ ಕಡಿಮಿ ಆಗೈತಿ," ಎಂದಳು ಗಂಗಕ್ಕ. "ಕಿವ್ಯಾಗ ಏನೋ ಕಡಿಮಿ ಆಗೈತಿ."

ಭಜನೆಯವರು ತಾಳ ನಿಲ್ಲಿಸಿದಾಗ ತಿಳಿಯಿತು. ಗರಸು ಮಣ್ಣು ತೆಗೆಯುವ ಗುಂಡಿಯಿಂದ ನೀರೆತ್ತುವ ಮೋಟಾರಿನ ಸಪ್ಪಳವಿಲ್ಲ.

"ಯಾರು ಬಂದ್ ಮಾಡಿದವರು?"

ಗುಂಡಿಯ ಮೇಸ್ತ್ರಿ ತಿರುಮಲೇಶ್ ಮುಂದೆ ಬಂದ. "ನಾನೇ ಅಕ್ಕಾ, ನಿನ್ನೆ ಮಾಮ ಹೋದ ಕೂಡ್ಲೆ. ಇಷ್ಟು ವರ್ಷ ಅದನ್ನ ನಡಿಸಿದ ಮನುಷ್ಯಾ... ಮರ್ಯಾದಿಗೆ ಅಂತ. ಕೆಲಸಾನೂ ಬಂದ್ ಇಟ್ಟೀವಿ."

ಮರ್ಯಾದೆಯೇನೋ ಚೆನ್ನಾಗಿಯೇ ಇತ್ತು. ಆದರೆ ಅಷ್ಟರಲ್ಲಿ ಕುಣಿ ತೋಡಲು ಹೋದವರು ಮೊಣಕಾಲಿನವರೆಗೆ ರಾಡಿ ಮೆತ್ತಿಕೊಂಡು ಬಂದರು. ಸುಡುಗಾಡು ಗುಂಡಿಯ ಮಗ್ಗುಲಿಗೇ ಇದೆ. ಮೋಟಾರು ಹಗಲುರಾತ್ರಿ ನೀರೆಳೆಯುತ್ತಿದ್ದ ವರ್ಷಗಳಲ್ಲಿ ಅಲ್ಲಿ ತೋಡಿದ ಕುಣಿಗಳೆಲ್ಲ ಒಣಗಿಯೇ ಇದ್ದವು. ಕೆಳಗೆ ನೀರಿದೆ ಎಂಬುದನ್ನೇ ಊರು ಮರೆತಿತ್ತು.

"ಕುಣಿ ತುಂಬ ನೀರು ಬಂದೈತಿ. ಬ್ಯಾರೆ ಕಡಿ ತೋಡೂಣೇನು?"

"ತೋಡಿದ ಕುಣಿ ಖಾಲಿ ಬಿಟ್ರ ಇನ್ನೊಬ್ಬರನ್ನ ಕರೀತೈತಿ," ಎಂದಳು ಉರುಕುಂದಮ್ಮ. ಅದು ಊರಿನ ನಂಬಿಕೆ. ಹೊತ್ತು ಮುಳುಗುವುದರೊಳಗೆ ಅದೇ ಕುಣಿಯಲ್ಲಿ ಮಣ್ಣು ಮಾಡಬೇಕು. ನೀರಿನಲ್ಲಿ ಹೆಣ ಕೂಡಿಸಲು ಮಾತ್ರ ಯಾರಿಗೂ ಮನಸ್ಸಿಲ್ಲ.

"ಮೋಟಾರ್ ಹಚ್ರಿ," ಎಂದಳು ಗಂಗಕ್ಕ.

*

ಚಿನ್ನಪ್ಪ ಎಂದೂ ನೆಟ್ಟಗೆ ನಿದ್ದೆ ಮಾಡಿದವನಲ್ಲ. ಸಪ್ಪಳ ಚೂರು ಬದಲಾದರೂ ಎದ್ದು ಓಡುತ್ತಿದ್ದ. ಸ್ವಂತ ತಂಗಿಯ ಮದುವೆಯಲ್ಲೂ ಎಲೆಯ ಮುಂದಿನಿಂದ ಎದ್ದು ಹೋಗಿದ್ದ.

"ನಾ ಯಾಕ ಬೇಕು ನಿಮಗ? ಆ ಮೋಟಾರಿಗೇ ತಾಳಿ ಕಟ್ರಿ," ಎಂದು ಗಂಗಕ್ಕ ರೇಗುತ್ತಿದ್ದಳು.

ಗುಂಡಿ ಆಳವಾದಂತೆ ಪಕ್ಕದ ಹೊಲದ ಸುಂಕಪ್ಪನ ಬಾವಿ ಬತ್ತಿತು. ಕುರಿ ಸಾಕುವ ಸುಂಕಪ್ಪ ಅಂಗಳಕ್ಕೇ ಬಂದು ಕೂಗಾಡಿದ. "ನನ್ನ ಬಾವಿ ಜೀವ ಹಿಂಡಿ ಹಳ್ಳಕ್ಕ ಚೆಲ್ತೀಯೇನೋ!"

ಚಿನ್ನಪ್ಪ ಮರುದಿನ ಸಲಿಕೆ ಹಿಡಿದ. ಮೋಟಾರಿನ ನೀರು ನಿಂತು ರಾಡಿ ತಳಕ್ಕಿಳಿಯಲಿ ಎಂದು ಒಂದು ತಗ್ಗು ಮಾಡಿದ. ತಿಳಿನೀರು ಸುಂಕಪ್ಪನ ಕುರಿಗಳು ನೀರು ಕುಡಿಯುವ ಕುಂಟೆ ಸೇರುವಂತೆ ಕಾಲುವೆ ತೋಡಿದ. ನನ್ನ ಕುರಿ ಆ ನೀರು ಮುಟ್ಟುವುದಿಲ್ಲ ಎಂದು ಸುಂಕಪ್ಪ ಆಣೆ ಹಾಕಿದ. ಕುರಿಗಳಿಗೆ ಆ ಆಣೆ ಯಾರು ತಿಳಿಸಬೇಕು? ಅವು ಕುಡಿದವು. ಎರಡು ಮನೆಗಳ ಮಾತು ಮಾತ್ರ ನಿಂತೇಹೋಯಿತು.

"ಊರೆಲ್ಲ ಬೈತೈತಿ. ಬಿಡ್ರಿ ಆ ಕೆಲಸ," ಎಂದಳು ಗಂಗಕ್ಕ ಗಂಡನಿಗೆ.

"ನಾ ಬಿಟ್ರ ಇನ್ನೊಬ್ಬ ಬರ್ತಾನ. ಅವ ಕಾಲುವಿ ತೋಡ್ತಾನೇನು?"

*

ಮೋಟಾರು ತಿರುಗಿತು, ನೀರು ಬರಲಿಲ್ಲ. ನಿಂತ ಪಂಪಿಗೆ ಮೊದಲು ಪೈಪಿನ ತುಂಬ ತಿಳಿನೀರು ಹೊಯ್ಯಬೇಕು; ಗುಂಡಿಯ ರಾಡಿ ಹೊಯ್ದರೆ ಮರಳು ಸಿಕ್ಕಿ ಕೆಟ್ಟುಹೋಗುತ್ತದೆ. ಅದಕ್ಕೆಂದೇ ಚಿನ್ನಪ್ಪ ಡ್ರಮ್ಮು ತುಂಬಿಸಿಡುತ್ತಿದ್ದ. ಬೆಳಿಗ್ಗೆ ಅವನ ಹೆಣಕ್ಕೆ ಸ್ನಾನ ಮಾಡಿಸಿದ್ದು ಆ ಡ್ರಮ್ಮಿನ ನೀರಿನಿಂದಲೇ.

"ಏಂ ಚೇದ್ದಾಂ, ಏನ್ ಮಾಡೂಣು ಅಕ್ಕಾ? ಊರಾಗಿಂದ ತರೂದ್ರಾಗ ಹೊತ್ತು ಮುಳುಗ್ತೈತಿ," ಎಂದ ತಿರುಮಲೇಶ್.

ಹತ್ತಿರವಿದ್ದದ್ದು ಸುಂಕಪ್ಪನ ಬಾವಿ. ಹೆಣದ ಪಕ್ಕ ಬಿಟ್ಟು ಬಂದಿದ್ದ ಗಂಗಕ್ಕ ಖಾಲಿ ಕೊಡ ಹಿಡಿದು ಅತ್ತ ನಡೆದಳು. ಸುಂಕಪ್ಪ ಬೆಳಗಿನಿಂದ ಬಾವಿಯಲ್ಲಿ ಬಗ್ಗಿ ನೋಡುತ್ತಲೇ ಇದ್ದ. ಚಿನ್ನಪ್ಪನ ಮಣ್ಣಿಗೆಂದು ಹೊರಟವನು ಅಲ್ಲೇ ನಿಂತುಬಿಟ್ಟಿದ್ದ.

"ಬಂದೈತಿ, ನೋಡವಾ," ಎಂದ, ಜಗಳವನ್ನೇ ಮರೆತವನಂತೆ. "ಎಷ್ಟು ವರ್ಷಕ್ಕ!" ಆಮೇಲೆ ಅವಳ ಕೈಯಲ್ಲಿನ ಕೊಡ ಕಂಡಿತು. ದನಿ ಇಳಿಯಿತು. "ಮೋಟಾರ್ ಹಚ್ಚಿದ್ರ ಸಂಜಿಗೆ ಹೋಗ್ತೈತಿ."

"ಗೊತ್ತೈತಿ, ಅಣ್ಣಾ. ಅವರನ್ನ ನೀರಾಗ ಹೆಂಗ ಕೂಡಿಸ್ಲಿ?"

ಸುಂಕಪ್ಪ ತನ್ನ ಕುಂಟೆಯ ಕಡೆ ನೋಡಿದ. ಕಾಲುವೆ ಒಣಗಿತ್ತು, ಕುರಿಗಳು ನೀರಿಗೆ ಕಾದು ಅದರ ಬಾಯಲ್ಲಿ ನಿಂತಿದ್ದವು. ಅವನು ಅವಳ ಕೈಯಿಂದ ಕೊಡ ಕಸಿದುಕೊಂಡ. ನೀರು ಸೇದಿ, ತಾನೇ ಹೆಗಲ ಮೇಲೆ ಹೊತ್ತು ತಂದು ಪೈಪಿಗೆ ಹೊಯ್ದ. ಮತ್ತೆ ತಂದ, ಮತ್ತೆ ಹೊಯ್ದ. ಮೋಟಾರು ನೀರು ಹಿಡಿಯಿತು.

ಹೊತ್ತು ಇಳಿಯುವಾಗ ಕುಣಿಯಲ್ಲಿ ಹಸಿಮಣ್ಣಷ್ಟೇ ಉಳಿದಿತ್ತು. ಚಿನ್ನಪ್ಪನನ್ನು ಕೂಡಿಸಿ ಎಲ್ಲರೂ ಮಣ್ಣು ಕೊಟ್ಟರು, ಸುಂಕಪ್ಪನೂ ಕೊಟ್ಟ.

ಜನ ಚದುರಿದ ಮೇಲೆ ಗಂಗಕ್ಕ, "ಇನ್ನ ಬಂದ್ ಮಾಡು," ಎಂದಳು.

ತಿರುಮಲೇಶ್ ತಡವರಿಸಿದ. "ಮಾಮನ ಹತ್ರ ನೀರು ಬರ್ತೈತಿ, ಅಕ್ಕಾ."

"ಬರ್ಲಿ ಬಿಡು. ಬದುಕಿರೂತನ ಆ ನೀರನ್ನ ಓಡಿಸಿದ್ರು. ಇನ್ನ ಅದೇ ಬಂದು ಮಾತಾಡಿಸ್ಲಿ."

"ನಾಳಿ ಮುಂಜಾನಿ ಲಾರಿ ಬರ್ತಾವು. ಆಗ ಹಚ್ಚಬೇಕಾಗ್ತೈತಿ."

"ಅಲ್ಲಿತನ ಬಂದ್ ಇರ್ಲಿ."

ಸಪ್ಪಳ ನಿಂತಿತು. ಗಂಗಕ್ಕ ಕಾಲು ತೊಳೆದುಕೊಳ್ಳಲಿ ಎಂದು ಸುಂಕಪ್ಪ ಬಾವಿಗೆ ಕೊಡ ಇಳಿಬಿಟ್ಟ. ಅದು ಬರಿಗಲ್ಲಿಗೆ ಬಡಿಯಿತು. ಅವನು ಮೇಲೆ ಎಳೆಯಲಿಲ್ಲ.

"ಕುಂದ್ರವಾ," ಎಂದ.

ದಿನವಿಡೀ ಒಂದು ಕಡೆ ಕೂರಲಾರದೆ ಒದ್ದಾಡಿದ್ದ ಗಂಗಕ್ಕ ಬಾವಿಕಟ್ಟೆಯ ಮೇಲೆ ಕೂತಳು. ಇಬ್ಬರೂ ಬಾವಿಗೆ ನೀರು ಮರಳುವ ಸದ್ದಿಗೆ ಕಿವಿಗೊಟ್ಟರು. ಕತ್ತಲಾಗುವ ಹೊತ್ತಿಗೆ ಕೆಳಗೆ ಕೊಡ ಕಲ್ಲಿಗೆ ಉಜ್ಜಿ, ನಿಧಾನಕ್ಕೆ ಮಗ್ಗುಲು ಬದಲಿಸಿತು.